ಹನ್ನೆರಡನೆಯದು ನಿಂತಿತು

ದೊಡ್ಡನೆಕ್ಕುಂದಿ
೧೨ ಫೆಬ್ರವರಿ ೨೦೨೫

ಪ್ರೀತಿಯ ಧನಕ್ಕಾ,

ಫೋನಿದ್ದೂ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾನು ಮಾತು ಬದಲಿಸಿಬಿಡುತ್ತೇನೆ.

ಹೋದ ಭಾನುವಾರ ರಸೆಲ್ ಮಾರುಕಟ್ಟೆಯಲ್ಲಿ ಸೇವಂತಿಗೆ ಆರಿಸುತ್ತಾ ನೀನು ಕೇಳಿದೆ, "ಪದ್ಮಾ, ನೀನು ಮಾಡ್ತಿರೋ ಲಸಿಕೆಯಿಂದ ನನ್ಗೂ ವಾಸಿಯಾಗುತ್ತಾ?" ನಾನು ಕೇಳಿಸದವಳಂತೆ ಹೂವಿನವನ ಕಡೆ ತಿರುಗಿದೆ. ಈಗ ಹೇಳುತ್ತೇನೆ. ಇಲ್ಲ ಅಕ್ಕ. ಅದು ಎಚ್‌ಐವಿ ತಗುಲದವರನ್ನು ಕಾಯುವುದಕ್ಕೆ. ಭಾವನಿಂದ ನಿನಗೆ ಬಂದದ್ದನ್ನು ಅದು ತೆಗೆಯಲಾರದು. ನಿನ್ನನ್ನು ಕಾಯುತ್ತಿರುವುದು ದಿನಾ ನುಂಗುವ ಮಾತ್ರೆ. ಒಂದು ದಿನವೂ ಬಿಡಬೇಡ.

ಮತ್ತೆ ಯಾಕೆ ಇಷ್ಟು ಒದ್ದಾಡುತ್ತೀಯ ಎಂದು ಕೇಳಬಹುದು. ವೈರಾಣುವಿನ ಮೈಮೇಲೆ ಒಂದು ಪ್ರೋಟೀನು ಇದೆ, ಮೂರು ತುಂಡು ಒಟ್ಟಿಗೆ ಸೇರಿ ನಿಂತದ್ದು. ಅದನ್ನೇ ನಾವು ಬೇರೆಯಾಗಿ ತಯಾರಿಸಿದರೆ ಬಿಚ್ಚಿಕೊಂಡು ಹೋಗುತ್ತದೆ. ಹಾಗೆ ಬಿಚ್ಚಿದ್ದನ್ನು ಲಸಿಕೆಯಲ್ಲಿ ಕೊಟ್ಟರೆ ದೇಹ ತಪ್ಪು ಆಕಾರವನ್ನು ಕಲಿಯುತ್ತದೆ, ನಿಜವಾದ ವೈರಾಣು ಬಂದಾಗ ತಡೆಯುವುದಿಲ್ಲ. ಆದ್ದರಿಂದ ಒಳಗೆ ಅಲ್ಲಲ್ಲಿ ಹೊಸ ಬೆಸುಗೆ ಹಾಕಿ ಅದನ್ನು ಗಟ್ಟಿ ಮಾಡುವುದು ನನ್ನ ಕೆಲಸ.

ಹನ್ನೊಂದು ಸಲ ಮಾಡಿದೆ, ಹನ್ನೊಂದೂ ಬಿಚ್ಚಿಕೊಂಡವು. ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ಶ್ರೀನಾಥ್ ಸರ್, "ಸಾಕಮ್ಮ, ಬೇರೆ ಪ್ರಾಜೆಕ್ಟ್ ತಗೋ" ಎಂದರು. "ಇನ್ನೊಂದು ತಿಂಗಳು ಕೊಡಿ ಸರ್" ಎಂದೆ. ಕೊಟ್ಟರು. ಹನ್ನೆರಡನೆಯದನ್ನು ಮೈಯ ಬಿಸಿಯಷ್ಟೇ ಬಿಸಿಯಲ್ಲಿ ವಾರವಿಡೀ ಇಟ್ಟಿದ್ದೆ. ಸೋಮವಾರ ನೋಡಿದರೆ ಮೂರೂ ತುಂಡು ಹಾಗೇ ನಿಂತಿವೆ. ಸರ್ ತಾವೇ ಎರಡು ಸಲ ಪರೀಕ್ಷೆ ಮಾಡಿದರು.

ಇನ್ನು ಮೊಲಗಳಿಗೆ ಕೊಟ್ಟು ನೋಡಬೇಕು. ಜನರವರೆಗೆ ಬರಲು ವರ್ಷಗಳು ಬೇಕು, ಬಾರದೆಯೂ ಹೋಗಬಹುದು. ಬಾರದೆ ಹೋದರೆ ಹದಿಮೂರನೆಯದನ್ನು ಮಾಡುತ್ತೇನೆ. ಇಪ್ಪತ್ತೆರಡನೆಯ ವಯಸ್ಸಿಗೆ, ಬಸುರಿಯಾಗಿ ಆಸ್ಪತ್ರೆಗೆ ಹೋಗಿ, ರಕ್ತಪರೀಕ್ಷೆಯ ಚೀಟಿ ಹಿಡಿದು ಒಬ್ಬಳೇ ಬಸ್ ಸ್ಟಾಪಿನಲ್ಲಿ ಕೂತಿದ್ದೆಯಲ್ಲ, ಹಾಗೆ ಇನ್ನೊಬ್ಬಳು ಕೂರಬಾರದು.

ನಿನ್ನ ತಂಗಿ,
ಪದ್ಮಶ್ರೀ

ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿದದ್ದು: ಅಮ್ಮ ನಿನ್ನ ತಟ್ಟೆ ಲೋಟ ಬೇರೆ ಇಟ್ಟಳೆಂದು ನೀನು ಹಲಸೂರಿನ ಮನೆಗೆ ಬಾರದೆ ಒಂಬತ್ತು ವರ್ಷವಾಯಿತು. ಇಟ್ಟವಳು ಅಮ್ಮ ಅಲ್ಲ, ನಾನು. ಆಗ ಬಿ.ಎಸ್ಸಿ. ಎರಡನೆಯ ವರ್ಷ. ಊಟದಿಂದ ತಗುಲುವುದಿಲ್ಲವೆಂದು ಓದಿಯೂ ಹೆದರಿದೆ. ನೀನು ಬೈದದ್ದನ್ನೆಲ್ಲ ಅಮ್ಮ ಬಾಯಿ ಬಿಡದೆ ಕೇಳಿಸಿಕೊಂಡಳು. ನಿನ್ನೆ ಅವಳ ಹತ್ತಿರ, ಹೇಳಿಬಿಡಲೇ ಎಂದೆ. "ಹೇಳು. ಬೈದ್ರೆ ಬೈಸ್ಕೋ" ಎಂದಳು. ಶನಿವಾರ ಲಿಂಗರಾಜಪುರದ ನಿನ್ನ ಮನೆಗೆ ಬರುತ್ತೇನೆ. ನೀನು ಬಾಗಿಲು ತೆಗೆಯುವವರೆಗೂ ಹೊರಗೆ ಕೂತಿರುತ್ತೇನೆ.