ಏಳೂ ಇಪ್ಪತ್ತಕ್ಕೆ ಕಡಿಯುವ ಲೈನು

ಎಕ್ಕಂಬಿ
ಸೋಮವಾರ, ೧೭ ನವೆಂಬರ್ ೨೦೦೩
ಸಂಜೆ

ಪ್ರೀತಿಯ ಆಯಿ,

ನಿನ್ನ ಮಗಳು ಪರಿಮಳಾಳ ನಮಸ್ಕಾರ. ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ನನಗೆ ಗೊತ್ತಾಯಿತು. ದಿನಾ ಸಂಜೆ ಏಳೂ ಇಪ್ಪತ್ತರ ಸುಮಾರಿಗೆ ನೀನು ನನಗೆ ಫೋನ್ ಮಾಡುತ್ತಿದ್ದೀಯ. ನಾನು ಎತ್ತುತ್ತಿಲ್ಲ ಎಂದು ನೊಂದುಕೊಂಡಿದ್ದೀಯ. ಆಣೆ ಮಾಡಿ ಹೇಳುತ್ತೇನೆ ಆಯಿ, ನನಗೆ ಫೋನಿನ ಗಂಟೆ ಕೇಳಿಸಿಯೇ ಇಲ್ಲ.

ಮಧ್ಯಾಹ್ನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅನ್ನಕ್ಕಿಟ್ಟು ಮರೆತು ತಳ ಹಿಡಿಸಿದೆ. ಅಂಗಳಕ್ಕೆ ಹೋಗುವುದು, ಒಳಗೆ ಬರುವುದು, ಗಡಿಯಾರ ನೋಡುವುದು. ನಿನ್ನ ಅಳಿಯ ರಾಘು ಶಾಲೆಯಲ್ಲಿ ಪಾಠ ಮುಗಿಸಿ ಬಂದವನೇ ನನ್ನ ಮುಖ ನೋಡಿ, ಮೈಯಲ್ಲಿ ಹುಷಾರಿಲ್ಲವಾ ಎಂದು ಕೇಳಿದ. ಈಗಲೇ ನಿನಗೆ ಫೋನ್ ಮಾಡೋಣವೆಂದರೆ ಇವತ್ತು ಸೋಮವಾರ, ಅಪ್ಪ ಮನೆಯಲ್ಲೇ ಇರುತ್ತಾನೆ. ಅದಕ್ಕೇ ಈ ಕಾಗದ. ಮನೆಗೆ ಬಂದ ಟಪಾಲನ್ನೆಲ್ಲ ಅಪ್ಪನೇ ಒಡೆಯುತ್ತಾನಲ್ಲ, ಹಾಗಾಗಿ ನಿಮ್ಮ ಪಕ್ಕದ ಮನೆಯ ದೇವಕ್ಕನ ಹೆಸರಿಗೆ ಹಾಕುತ್ತೇನೆ.

ಇದೆಲ್ಲ ಹೇಗೆ ಗೊತ್ತಾಯಿತು ಎಂದು ಹೇಳಬೇಕಾದರೆ ನಮ್ಮ ಮನೆಯ ಕಂಪ್ಯೂಟರಿನ ಕಥೆ ಹೇಳಬೇಕು. ಬೇಸರ ಮಾಡಿಕೊಳ್ಳಬೇಡ.

ರಾಘುವಿನ ಸ್ನೇಹಿತನೊಬ್ಬ ಹುಬ್ಬಳ್ಳಿಯಲ್ಲಿದ್ದಾನೆ. ಅವನು ಬಳಸಿ ಬಿಟ್ಟ ಲ್ಯಾಪ್‌ಟಾಪ್ ಒಂದು ನಮ್ಮ ಮನೆಗೆ ಬಂದಿದೆ. ಪುಸ್ತಕದ ಹಾಗೆ ಮಡಚುವ ಕಂಪ್ಯೂಟರು, ಆದರೆ ತೂಕ ಒಳ್ಳೇ ರುಬ್ಬುವ ಕಡಗಲ್ಲಿನಷ್ಟು. ಬ್ಯಾಟರಿ ಸತ್ತುಹೋಗಿದೆ, ಕರೆಂಟ್ ಇದ್ದರೆ ಮಾತ್ರ ಉಸಿರಾಡುತ್ತದೆ. ನಾನು ಅದರಲ್ಲಿ ಹುಬ್ಬಳ್ಳಿಯ ಒಂದು ಪ್ರಕಾಶನಕ್ಕೆ ಶಾಲಾ ಗೈಡುಗಳನ್ನು ಟೈಪ್ ಮಾಡಿಕೊಡುತ್ತೇನೆ. ಅಂದಂದಿನ ಪುಟಗಳನ್ನು ರಾತ್ರಿ ಎಂಟರೊಳಗೆ ಇಮೇಲಿನಲ್ಲಿ ಕಳಿಸಬೇಕು. ಅದಕ್ಕೆ ಫೋನಿನ ತಂತಿಯೇ ದಾರಿ. ಗೋಡೆಯಲ್ಲಿ ತೂತು ಒಂದೇ. ಫೋನಿನಿಂದ ತಂತಿ ಕಿತ್ತು ಲ್ಯಾಪ್‌ಟಾಪಿಗೆ ಚುಚ್ಚಿದರೆ ಒಳಗಿರುವ ಮೋಡೆಮ್ ಎಂಬುದು ತಾನೇ ನಂಬರ್ ಒತ್ತಿ, ಕರ್‍ರ್ ಕೀಂಯ್ ಎಂದು ಅರಚಿ, ಆಮೇಲೆ ಸುಮ್ಮನಾಗುತ್ತದೆ. ಸುಮ್ಮನಾಯಿತೆಂದರೆ ಕೂಡಿಕೊಂಡಿತು ಎಂದು ಅರ್ಥ. ಸಂಜೆ ಕರೆಂಟ್ ತೆಗೆಯುವವರು ಮತ್ತೆ ಕೊಡುವುದು ಏಳಕ್ಕೆ. ಹಾಗಾಗಿ ಏಳರಿಂದ ಎಂಟರವರೆಗೆ ನಮ್ಮ ಫೋನಿಗೆ ಜೀವವಿಲ್ಲ. ಇದೊಂದು ಸಂಗತಿ ನಿನಗೆ ಗೊತ್ತಿದ್ದರೆ ಇಷ್ಟು ಸಂಕಟವೇ ಇರಲಿಲ್ಲ.

ಮೊದಲ ವಾರವಂತೂ ಅದು ಕೂಡಿಕೊಳ್ಳಲೇ ಇಲ್ಲ. ಡಯಲ್ ಟೋನ್ ಇಲ್ಲ ಎಂದು ಪರದೆಯ ಮೇಲೆ ಬರುವುದು. ತಂತಿಯನ್ನು ಫೋನಿಗೆ ಹಚ್ಚಿ ಕಿವಿಗಿಟ್ಟರೆ ಟೋನ್ ಚೆನ್ನಾಗಿಯೇ ಇರುವುದು. ನನಗೆ ತಲೆ ಕೆಟ್ಟುಹೋಯಿತು. ಕಡೆಗೆ ಹುಬ್ಬಳ್ಳಿಯ ಸ್ನೇಹಿತ ಹೇಳಿದ, ಆ ಮೋಡೆಮ್ ಪರದೇಶದ್ದು, ನಮ್ಮ ಕಡೆಯ ಟೋನ್ ಅದಕ್ಕೆ ಗುರುತಾಗುವುದಿಲ್ಲ, ಟೋನಿಗೆ ಕಾಯಬೇಡ ಎಂದು ಅದಕ್ಕೆ ಹೇಳಿಬಿಡಿ ಎಂದು. ಒಂದು ಚೌಕದಲ್ಲಿದ್ದ ಗುರುತು ತೆಗೆದೆವು. ಅರಚಿತು, ಕೂಡಿತು. ರಾಘು ತಾನೇ ಅದನ್ನು ಹುಟ್ಟಿಸಿದ ಹಾಗೆ ಎರಡು ದಿನ ಬೀಗಿದ.

ಆಮೇಲೆ ಶುರುವಾಯಿತು ನೋಡು ಅಸಲು ಕಾಟ. ಏಳೂ ಕಾಲು ದಾಟುತ್ತಲೇ, ಪುಟಗಳು ಅರ್ಧ ಹೋಗಿರುತ್ತವೆ, ಲೈನು ಪಟ್ಟನೆ ಕಡಿಯುತ್ತದೆ. ಮತ್ತೆ ಹಚ್ಚಿದರೆ ಏನೂ ಆಗದವರ ಹಾಗೆ ಕೂಡಿಕೊಳ್ಳುತ್ತದೆ, ಆದರೆ ಪುಟಗಳನ್ನು ಮೊದಲಿನಿಂದ ಕಳಿಸಬೇಕು. ಎಷ್ಟೋ ದಿನ ಎಂಟು ದಾಟಿತು. ಹೀಗೇ ಆದರೆ ಕೆಲಸ ಬೇರೆಯವರಿಗೆ ಕೊಡುತ್ತೇವೆ ಎಂದು ಪ್ರಕಾಶನದವರು ಎರಡು ಸಲ ಹೇಳಿಯಾಯಿತು. ನಾನು ತಂತಿ ಬದಲಿಸಿದೆ. ಗೋಡೆಯ ಡಬ್ಬಿ ಬಿಚ್ಚಿ ಇರುವೆ ಗುಡಿಸಿದೆ. ರಾಘು ತಪ್ಪನ್ನೆಲ್ಲ ಮಂಗಗಳ ಮೇಲೆ ಹಾಕಿದ, ರಸ್ತೆಯ ತಂತಿಗೆ ಜೋತಾಡುತ್ತವೆ ಎಂದು. ಮಂಗಗಳು ಗಡಿಯಾರ ನೋಡಿಕೊಂಡು ಜೋತಾಡುತ್ತವಾ ಎಂದು ನಾನು ಅವನ ಮೇಲೆ ಹರಿಹಾಯ್ದೆ. ಆ ಸಿಟ್ಟಿನಲ್ಲೇ ಕಡಿದ ಹೊತ್ತನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಅದನ್ನು ಹಿಡಿದುಕೊಂಡು ಹೋಗಿ ಫೋನ್ ಕಚೇರಿಯಲ್ಲಿ ಜಗಳ ತೆಗೆಯಬೇಕೆಂದಿದ್ದೆ.

ಇವತ್ತು ಬೆಳಿಗ್ಗೆ ಲೈನ್‌ಮನ್ ಶಿವಲಿಂಗಪ್ಪ ಬಂದರು. ಹಾವೇರಿ ಕಡೆಯವರು, ನಿಧಾನದ ಮನುಷ್ಯ. ನೋಟ್‌ಬುಕ್ ನೋಡಿದರು, ತಂತಿ ನೋಡಿದರು, ಆಮೇಲೆ ಚಹಾ ಕುಡಿಯುತ್ತ, “ಅಕ್ಕಾರ, ಇದು ವೈರಿನ ರೋಗ ಅಲ್ರಿ. ನೀವು ಕಂಪ್ಯೂಟರ್ ಹಚ್ಚಿದ ಹೊತ್ತಿನ್ಯಾಗ ಯಾರೋ ನಿಮಗ ಫೋನ್ ಮಾಡ್ತಾರ್ರಿ” ಎಂದರು. ಒಂದು ಫೋನಿನಲ್ಲಿರುವಾಗಲೇ ಇನ್ನೊಬ್ಬರ ಫೋನ್ ಬಂದರೆ ಟುಣ್ ಎಂದು ಸೂಚನೆ ಕೊಡುವ ಒಂದು ಸೌಲಭ್ಯವಂತೆ. ಆ ಟುಣ್ ಸದ್ದಿಗೆ ಮೋಡೆಮ್ ಬೆದರಿ ಕೈಬಿಡುತ್ತದಂತೆ. ಅದನ್ನು ಯಾರು ಕೇಳಿದ್ದರು ಎಂದರೆ, ಮತ್ತಾರು, ನನ್ನ ಗಂಡ! ಅರ್ಜಿಯಲ್ಲಿ ಪುಕ್ಕಟೆ ಎಂದು ಇದ್ದದ್ದಕ್ಕೆಲ್ಲ ಗುರುತು ಹಾಕಿ ಸಹಿ ಮಾಡಿದ್ದಾನೆ.

ಅವರು ಹೋದ ಮೇಲೆ ನೋಟ್‌ಬುಕ್ ಹಿಡಿದು ಕೂತೆ. ಯಾರು ಫೋನ್ ಮಾಡುತ್ತಾರೆ ನನಗೆ? ಅತ್ತೆ ಮಾವ ನಮ್ಮ ಜೊತೆಗೇ ಇದ್ದಾರೆ. ಪ್ರಕಾಶನದವರು ಬೆಳಿಗ್ಗೆ ಮಾಡುತ್ತಾರೆ. ಹಾಳೆ ತಿರುಗಿಸುತ್ತ ನೋಡಿದರೆ ಯಾವ ಸೋಮವಾರವೂ ಲೈನು ಕಡಿದಿಲ್ಲ. ಅದರ ಜೊತೆಗೆ ತಿಂಗಳಿಗೊಂದು ಮಂಗಳವಾರವೂ ಇಲ್ಲ, ಅದೂ ಎರಡನೇ ಮಂಗಳವಾರ. ಸೋಮವಾರ ಮತ್ತು ಎರಡನೇ ಮಂಗಳವಾರ ರಜೆ. ಸಿದ್ದಾಪುರದ ವಾಚನಾಲಯದ ಬಾಗಿಲಿನ ಹಲಗೆಯನ್ನು ಸಣ್ಣವಳಿದ್ದಾಗಿನಿಂದ ಓದಿದ್ದೇನೆ. ಅಪ್ಪ ಸಂಜೆ ಪೇಪರ್ ಓದಲು ಹೋಗದ ದಿನ ನನಗೆ ಫೋನ್ ಬರುವುದಿಲ್ಲ. ಅಪ್ಪ ಹೋದ ದಿನ ಬರುತ್ತದೆ. ಅಂದರೆ ಅಪ್ಪ ಅಂಗಳ ದಾಟಿದ ಮೇಲೆ ನೀನು ಒಳಗೆ ಬಂದು ನನ್ನ ನಂಬರ್ ತಿರುಗಿಸುತ್ತೀಯ!

ಆಯಿ, ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಜುಲೈಯಲ್ಲಿ ನಮ್ಮ ಮನೆಗೆ ಫೋನ್ ಹಾಕಿಸಿದ ದಿನವೇ ದೇವಕ್ಕನ ಕೈಯಲ್ಲಿ ನಿನಗೆ ನಂಬರಿನ ಚೀಟಿ ಕಳಿಸಿದ್ದೆ. ಒಂದು ವಾರ ಕಾದೆ. ತಡೆಯಲಾರದೆ ನಾನೇ ಒಮ್ಮೆ ಮಾಡಿದೆ. ಅಪ್ಪನ ದನಿ ಕೇಳಿತು. ಇಟ್ಟುಬಿಟ್ಟೆ. ನನ್ನ ಮದುವೆಯ ಹಿಂದಿನ ದಿನ ಅಪ್ಪ ಜಗಲಿಯಲ್ಲಿ ನಿಂತು, “ಅದರ ಹೆಸರು ಇನ್ನು ಈ ಮನೇಲಿ ಹೇಳಡ” ಎಂದು ನಿನಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ರಾಘು ನಮ್ಮ ಜಾತಿಯವನಲ್ಲ ಎಂಬುದಕ್ಕೆ ಅಪ್ಪನಿಗೆ ಸಿಟ್ಟು ಬಂದದ್ದು ನನಗೆ ಅರ್ಥವಾಗುತ್ತದೆ. ಒಂದೂವರೆ ವರ್ಷವಾದರೂ ಅದು ಇಳಿಯದೇ ಇರುವುದು ಅರ್ಥವಾಗುವುದಿಲ್ಲ. ಕಲ್ಲು ಮನಸ್ಸು. ಇವತ್ತಿಗೂ ಹಾಗೇ ಅನ್ನುತ್ತೇನೆ.

ಆದರೆ ನಿನ್ನ ಬಗ್ಗೆ ನಾನು ಅಂದದ್ದನ್ನೂ ಒಪ್ಪಿಕೊಳ್ಳಬೇಕು. ದೀಪಾವಳಿಗೂ ನಿನ್ನ ಸುದ್ದಿ ಇಲ್ಲದ್ದಕ್ಕೆ, ಆಯಿಗೂ ನಾನು ಬೇಡವಾದೆ, ಗಂಡನ ಬಾಲ ಹಿಡಿದುಕೊಂಡೇ ಇರಲಿ ಎಂದು ರಾಘುವಿನ ಎದುರು ಏನೇನೋ ಅಂದೆ. ಅವನು, ಹಾಗೆಲ್ಲ ಅನ್ನಬೇಡ, ಆ ಮನೆಯಲ್ಲಿ ಹೇಗಿದೆಯೋ ನಮಗೇನು ಗೊತ್ತು ಎಂದ. ಅವನ ಮೇಲೂ ರೇಗಿದೆ. ಅದೇ ಹೊತ್ತಿನಲ್ಲಿ ನೀನು ಅಲ್ಲಿ ಗಂಟೆ ಮುಗಿಯುವವರೆಗೆ ಫೋನ್ ಹಿಡಿದು ನಿಂತಿದ್ದೆಯಲ್ಲ! ಲೈನು ಕಡಿದಾಗಲೆಲ್ಲ ನಾನು ಬಾಯಿಗೆ ಬಂದ ಹಾಗೆ ಬಯ್ದದ್ದು ನಿನಗೇ ಆಯಿತು. ತಪ್ಪಾಯಿತು ಆಯಿ.

ಆ ಟುಣ್ ಸೌಲಭ್ಯ ತೆಗೆಸಲು ಒತ್ತಬೇಕಾದ ನಂಬರನ್ನು ಶಿವಲಿಂಗಪ್ಪ ಬರೆದುಕೊಟ್ಟು ಹೋಗಿದ್ದಾರೆ. ನಾನು ಒತ್ತಿಲ್ಲ. ನಾಳೆಯಿಂದ ಏಳರಿಂದ ಏಳೂವರೆಯವರೆಗೆ ತಂತಿ ಫೋನಿಗೇ ಇರುತ್ತದೆ. ಪುಟಗಳನ್ನು ಬೆಳಿಗ್ಗೆ ಕಳಿಸುತ್ತೇನೆ ಎಂದು ಪ್ರಕಾಶನದವರಿಗೆ ಹೇಳಿದೆ. ಗೊಣಗಿದರು. ಗೊಣಗಲಿ. ಕೆಲಸ ಹೋದರೆ ಇನ್ನೊಂದು ನೋಡಿಕೊಳ್ಳುತ್ತೇನೆ.

ಈಗ ಏಳೂ ಹತ್ತು. ಸೋಮವಾರ ಎಂದು ಗೊತ್ತಿದ್ದೂ ಫೋನಿನ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ನಾಳೆಯ ತನಕ ಹೇಗೆ ಕಳೆಯಲಿ ಹೇಳು. ನೀನು ಮಾತಾಡದಿದ್ದರೂ ಚಿಂತೆಯಿಲ್ಲ, ಸುಮ್ಮನೆ ಹಿಡಿದುಕೊಂಡಿರು. ನಾನೇ ಮಾತಾಡುತ್ತೇನೆ.

ಇಷ್ಟು ದಿನ ಬಿಡದೆ ನನ್ನನ್ನು ಕರೆದವಳಿಗೆ,
ನಿನ್ನ ಮಗಳು
ಪರಿಮಳಾ

ತಾ.ಕ. ಮಂಗಳವಾರ. ಕಾಗದ ಇನ್ನೂ ಹಾಕಿರಲಿಲ್ಲ. ಸಂಜೆ ಏಳೂ ಇಪ್ಪತ್ತೆರಡಕ್ಕೆ ಫೋನ್ ಬಂತು. ಮೊದಲ ಗಂಟೆಗೇ ಎತ್ತಿ, ಆಯೀ ಎಂದೆ. ಆ ಕಡೆ ಬಸ್ಸಿನ ಹಾರ್ನ್, ಫೋನ್ ಬೂತಿನವನ ದನಿ. ಆಯಿ, ಮಾತಾಡೇ ಎಂದೆ. ಒಂದು ಕೆಮ್ಮು ಕೇಳಿತು. ಆಮೇಲೆ, “ಆಯಿ ಅಲ್ಲ, ಆನು” ಎಂದ ಅಪ್ಪ.

“ಆನು ದಿನಾ ಫೋನ್ ಮಾಡ್ದಿ. ನೀನು ಎತ್ತಲೇ ಇಲ್ಲೆ” ಎಂದ. ನಂಬರ್ ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಆ ಚೀಟಿಯನ್ನು ನೀನು ಬೀರುವಿನ ಸೀರೆಗಳ ಅಡಿಯಲ್ಲಿ ಇಟ್ಟಿದ್ದೆಯಂತೆ, ಮಡಿಕೆಯನ್ನೂ ಬಿಚ್ಚದೆ. ಅವನು ನಂಬರ್ ಬರೆದುಕೊಂಡು ಮತ್ತೆ ಹಾಗೇ ಮಡಚಿಟ್ಟನಂತೆ. ಊಟ ಆಯಿತಾ ಎಂದ, ರಾಘು ಹೇಗಿದ್ದಾನೆ ಎಂದೂ ಕೇಳಿದ. ಆಯಿಗೆ ಹೇಳಬೇಡ ಎಂದು ಎರಡು ಸಲ ಹೇಳಿ ಇಟ್ಟ. ಹೇಳುತ್ತಿದ್ದೇನೆ.

ಮೇಲೆ ಬರೆದದ್ದನ್ನು ಹರಿದು ಹಾಕಬೇಕೆಂದು ಅನ್ನಿಸಿತು, ಮನಸ್ಸಾಗಲಿಲ್ಲ. ನೀನಲ್ಲದೆ ಇನ್ನಾರೂ ಇರಲಾರರು ಎಂದೇ ನಂಬಿ ಬರೆದೆನಲ್ಲ, ಅದು ನಿನಗೆ ಗೊತ್ತಾಗಲಿ. ನನಗೆ ದುಃಖವಾಗಿದೆ ಆಯಿ, ಸಿಟ್ಟೂ ಬಂದಿದೆ. ಆ ಚೀಟಿ ಬಿಚ್ಚು. ಅಪ್ಪ ಎದುರಿಗೆ ಕೂತಿರುವಾಗಲೇ ಫೋನ್ ಮಾಡು. ಅವನು ಬಯ್ಯುವುದಿಲ್ಲ.