ರಸ್ತೆಯುಬ್ಬಿನ ಸದ್ದು

ಡೆಟ್ಲೆಫ್,

ನಮ್ಮ ಕಾರಿಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿ, ಸ್ಟೈಲಿಗೆಂದು ಅದನ್ನು ನೆಲದ ಹತ್ತಿರಕ್ಕೆ ತಗ್ಗಿಸಿದಾಗಿನಿಂದ ರಸ್ತೆಯುಬ್ಬು ಬಂದಾಗಲೆಲ್ಲ ನನ್ನನ್ನು ಇಳಿಸುತ್ತೀಯ. "ಇಳಿಯೇ, ಇಬ್ರಿದ್ರೆ ತಳ ಉಜ್ಜುತ್ತೆ. ನಾನೊಬ್ನೇ ಇದ್ರೆ ಏನೂ ಆಗಲ್ಲ" ಅನ್ನುತ್ತೀಯ. ಹಿಮ ಬೀಳುವಾಗಲೂ ಇಳಿದು ನಡೆದಿದ್ದೇನೆ.

ಈಚೆಗೆ ಗುರುವಾರಗಳಂದು ಗಾಯನ ಸಂಘದಿಂದ ನೀನು ಒಬ್ಬನೇ ಬರುತ್ತೀಯಂತೆ. ಆದರೂ ಬೀದಿ ತುದಿಯ ಉಬ್ಬಿನಲ್ಲಿ ಕಾರು ಕರ್ರೆಂದು ಉಜ್ಜುವುದು ನಮ್ಮ ಅಡುಗೆಮನೆಗೇ ಕೇಳಿಸುತ್ತದೆ. ಆಮೇಲೆ ನಮ್ಮ ಗೇಟಿನ ಉಬ್ಬನ್ನು ಸದ್ದಿಲ್ಲದೆ ದಾಟುತ್ತದೆ. ಎರಡು ಉಬ್ಬುಗಳ ನಡುವೆ ಇರುವುದು ನನ್ನ ತಂಗಿ ಸ್ವೆನ್ಯಾಳ ಮನೆಯೊಂದೇ.

ಭಾನುವಾರದ ಕಾಫಿಗೆ ಅವಳನ್ನು ಕರೆದಿದ್ದೇನೆ. ಕೇಕಿನ ಡಬ್ಬಿ ಭಾರವಿರುತ್ತದೆ, ಕಾರಿನಲ್ಲೇ ಕರೆದುಕೊಂಡು ಬಾ. ನಮ್ಮ ಗೇಟಿನ ಬಳಿ ಅವಳನ್ನು ಇಳಿಸಿ ನಡೆಸುತ್ತೀಯೋ ಇಲ್ಲವೋ, ಕಿಟಕಿಯಲ್ಲಿ ನಿಂತು ನೋಡುತ್ತೇನೆ.

ಇಂತಿ,
ಇಳಿದು ನಡೆದು ಅಭ್ಯಾಸವಾದ
ವೀಬ್ಕೆ