ಬದಿಯಿಂದ ಹಿಡಿದ ಕೈ

ನನ್ನ ಅಪ್ಪಯ್ಯನಿಗೆ,

ಕಾರ್ಕಳದ ಆ ಮದುವೆಯ ಊಟ ನೆನಪಿದೆಯೇ? ಚಾಪೆಯ ಮೇಲೆ ಬಾಳೆಎಲೆ ಹಾಸಿ ಅನ್ನ ಹರವಿದ್ದಿರಿ. ಬಿಸಿ ಹೋಗುವ ಮೊದಲೇ ಮುಚ್ಚಿದರೆ ಹಳಸುತ್ತದೆಂದು ನಿಮಗೆ ದಿಗಿಲು. ಅನ್ನವನ್ನು ಮುಟ್ಟದೆ, ಕೈಯ ಹಿಂಬದಿಯನ್ನು ರಾಶಿಯ ಪಕ್ಕ ಹಿಡಿದು ಬಿಸಿ ನೋಡುತ್ತಿದ್ದಿರಿ. ನಾನು ಮೇಲಿಂದ ಕೈ ಚಾಚಿದೆ. "ಅಲ್ಲಿ ಹಬೆ ಮೋಸ ಮಾಡ್ತದೆ ಮಾರಾಯ್ತಿ, ಬದಿಯಿಂದ ಹಿಡಿ" ಎಂದು ಗದರಿದಿರಿ. ಉಡುಪಿಯ ಹೆಸರುವಾಸಿ ಅಡುಗೆಭಟ್ಟರ ಮಗಳಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಬಡಿಸುವವರೆಲ್ಲ ನಕ್ಕಿದ್ದರು.

ಮಣಿಪಾಲದಲ್ಲಿ ಸಂಶೋಧನೆಗೆ ಸೇರಿದಾಗ, "ಅದೆಂತ ಕೆಲಸ?" ಎಂದು ಕೇಳಿದಿರಿ. ತುಂಬ ಎತ್ತರದ ಗಾಳಿ ತನ್ನ ಬಿಸಿಯನ್ನು ಕಣ್ಣಿಗೆ ಕಾಣದ ಕಿರಣವಾಗಿ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಉಪಗ್ರಹ ಅದನ್ನು ಭೂಮಿಯ ಅಂಚಿನಲ್ಲಿ ಬದಿಯಿಂದ ನೋಡಿ ಅಳೆಯುತ್ತದೆ, ನಿಮ್ಮ ಕೈಯ ಹಾಗೆಯೇ ಎಂದೆ. ನಿಮ್ಮ ಸಂಭ್ರಮವೋ! ಬನ್ನಂಜೆಯಿಂದ ಕಾಪುವಿನವರೆಗೆ, ಹೋದ ಅಡುಗೆಮನೆಯಲ್ಲೆಲ್ಲ "ನನ್ನ ಕೈಯನ್ನೇ ಮೇಲೆ ಕಟ್ಟಿ ಕಳಿಸಿದ್ದಾರೆ" ಎಂದು ಹೇಳಿದ್ದೇ ಹೇಳಿದ್ದು. ಮನೆಗೆ ಬಂದಾಗೆಲ್ಲ ಒಂದೇ ಪ್ರಶ್ನೆ: "ಎಷ್ಟು ಬಿಸಿ ಬಿಡ್ತದಂತೆ?" ಉಪಗ್ರಹದ ಮಾಹಿತಿಯಿರುವ ಟೇಪು ಬಂದಿದೆ, ಬೆಂಗಳೂರಿನ ದೊಡ್ಡ ಕಂಪ್ಯೂಟರಿನಲ್ಲಿ ಅದನ್ನು ಓದಿಸಲು ನಮ್ಮ ಸರದಿ ಬರಬೇಕು, ಸ್ವಲ್ಪ ತಡೆಯಿರಿ ಎನ್ನುತ್ತಿದ್ದೆ. ನೀವು ತಡೆಯುತ್ತೀರಿ ಎಂದೇ ನಂಬಿದ್ದೆನಲ್ಲ...

ಆಸ್ಪತ್ರೆಯಲ್ಲಿ, ಕೊನೆಯ ಸಂಜೆ, ಡಾಕ್ಟರು ಅಮ್ಮನನ್ನು ಹೊರಗೆ ಕರೆದರು. ನಿಮ್ಮ ಪಾದ ಮುಟ್ಟಲು ಧೈರ್ಯವಾಗದೆ, ಅದರ ಪಕ್ಕ ಬದಿಯಿಂದ ನನ್ನ ಕೈ ಹಿಡಿದೆ. ಬಿಸಿಯೇ ತಾಗಲಿಲ್ಲ. ನೀವು ಕಣ್ಣು ತೆರೆದು ಮೆಲ್ಲಗೆ ಕೇಳಿದಿರಿ, "ಎಂತ, ಇನ್ನು ಮುಚ್ಚಬಹುದಾ?" ಆ ಹೊತ್ತಿನಲ್ಲೂ ತಮಾಷೆಯೇ ಅಪ್ಪಯ್ಯ? ಕಂಬಳಿ ಎಳೆದೆ, ಪಾದ ಉಜ್ಜಿದೆ, ನರ್ಸನ್ನು ಕೂಗಿದೆ. ಎಷ್ಟು ಉಜ್ಜಿದರೂ... ನನ್ನಿಂದ ಏನೂ ಮಾಡಲಾಗಲಿಲ್ಲ.

ಮೊನ್ನೆ ಬೆಂಗಳೂರಿನ ಕಂಪ್ಯೂಟರಿನಲ್ಲಿ ನಮ್ಮ ಸರದಿ ಬಂತು. ನಾವು ಹಾಕಿದ್ದ ಲೆಕ್ಕಕ್ಕೂ ಉಪಗ್ರಹ ಕಂಡದ್ದಕ್ಕೂ ತಾಳೆಯಾಯಿತು. ಮೇಲಿನ ಗಾಳಿ ಎಷ್ಟು ಬಿಸಿ ಬಿಡುತ್ತದೆ ಎಂದು ಈಗ ಹೇಳಬಲ್ಲೆ. ಇಂದು ಬೆಳಿಗ್ಗೆ ಬಸ್ಸಿಳಿದು ಓಡಿಬಂದವಳು ಜಗಲಿಯಿಂದಲೇ "ಅಪ್ಪಯ್ಯಾ" ಎಂದು ಕೂಗಿಬಿಟ್ಟೆ. ಯಾರಿಗೆ ಹೇಳಲೆಂದು ಹಾಗೆ ಓಡಿದೆನೋ! ನಿಮ್ಮ ಮೊದಲ ವರ್ಷದ ತಿಥಿಗೆಂದೇ ಅಲ್ಲವೇ ನಾನು ಬಂದದ್ದು?

ಮಧ್ಯಾಹ್ನ ಅಮ್ಮ ಎಲೆಯ ಮೇಲೆ ಅನ್ನ ಹರವಿದ್ದಳು. ಕಣ್ಣೆತ್ತದೆ, "ಮುಚ್ಚಬಹುದಾ, ಒಮ್ಮೆ ನೋಡು" ಎಂದಳು.

ಬದಿಯಿಂದ ಕೈ ಹಿಡಿದೆ. ಇನ್ನೂ ಬಿಸಿ ಇತ್ತು, ಅಪ್ಪಯ್ಯ.

ನಿಮ್ಮ ಮಗಳು